ಅಣ್ಣ ಬಿಚ್ಚಿದ ಬಗ್ಗಿ

ಮದುವೆಯಾಗಿ ಬಂದ ಹೆಣ್ಣಿಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ತವರಿನದು ಏನು ನೆನಪಾಗುತ್ತದೆ? ಅವ್ವ ಎನ್ನಬೇಕು, ಅವ್ವನ ಕೈಯಡುಗೆ ಎನ್ನಬೇಕು, ಇಲ್ಲವೇ ಕಣ್ಣಲ್ಲಿ ನೀರು ತಂದುಕೊಂಡು ಸುಮ್ಮನಿರಬೇಕು. ಗಂಡನ ಊರು ಅಡರಕಟ್ಟಿಗೆ ಬಂದ ಹೊಸದರಲ್ಲಿ ನನ್ನನ್ನೂ ಕೇಳಿದರು. ಅವ್ವ ಎಂದೆ. ಸುಳ್ಳೇನಲ್ಲ. ಆದರೆ ಅವ್ವ ದಿನಾ ಫೋನಿನಲ್ಲಿ ಸಿಗುತ್ತಿದ್ದಳು, ಸಾಕು ಮಾಡು ಎಂದರೂ ಮಾತು ಮುಗಿಸುತ್ತಿರಲಿಲ್ಲ. ಸಿಗದೆ ನನ್ನ ಜೀವ ಹಿಂಡುತ್ತಿದ್ದದ್ದು ಬೆಟಗೇರಿಯ ಮನೆಯಲ್ಲಿ ಕಪಾಟಿನ ಮೇಲೆ ಕುಳಿತಿದ್ದ ಬಗ್ಗಿ. ಅದನ್ನು ಇನ್ನೊಮ್ಮೆ ಹಾರಿಸಬೇಕು, ಇಷ್ಟೇ ನನ್ನ ಆಸೆ. ಇದನ್ನು ಹೊಸ ಮನೆಯಲ್ಲಿ ಯಾರ ಮುಂದೆ ಹೇಳುವುದು? ಸೊಸೆಗೆ ತವರಿನ ಆಟಿಗೆಯ ಚಿಂತೆ ಹತ್ತಿದೆ ಎಂದರೆ ನಾಲ್ಕು ಊರಿಗೆ ಸುದ್ದಿಯಾಗುತ್ತದೆ.

ಬಗ್ಗಿ ಎಂದರೆ ರಿಮೋಟಿನಿಂದ ಓಡುವ ಪಂದ್ಯದ ಕಾರು. ಅಂಗಡಿಯಲ್ಲಿ ಮಕ್ಕಳು ಅತ್ತು ಕೊಡಿಸಿಕೊಳ್ಳುವಂಥದ್ದಲ್ಲ. ಒಂದು ಮೊರದಷ್ಟು ಉದ್ದ, ನೆಲಕ್ಕೆ ಅಂಟಿದ ಹೊಟ್ಟೆ, ನಾಲ್ಕೂ ಮೂಲೆಯಲ್ಲಿ ಹೊರಗೆ ಚಾಚಿದ ತೋಳುಗಳು, ಆ ತೋಳುಗಳ ತುದಿಗೆ ಸಣ್ಣ ಗಾಲಿಗಳು. ಅಣ್ಣನಿಗೆ ಬೆಟಗೇರಿಯಲ್ಲಿ ಗಾಡಿ ರಿಪೇರಿ ಅಂಗಡಿ. ಹುಬ್ಬಳ್ಳಿಯಲ್ಲಿ ಯಾರೋ ಆಡಿ, ಮುರಿದು, ಬೇಸತ್ತು ಬಿಟ್ಟದ್ದನ್ನು ಅವನು ಚೀಲದಲ್ಲಿ ಹಾಕಿಕೊಂಡು ತಂದ. ತಿಂಗಳುಗಟ್ಟಲೆ ಕೂತು ಸರಿ ಮಾಡಿದ. ಸರಿಯಾಗಿ ಓಡತೊಡಗಿದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಅಣ್ಣ ರಿಪೇರಿಯಲ್ಲಿ ದೇವರು, ಓಡಿಸುವುದರಲ್ಲಿ ದೆವ್ವ. ರಿಮೋಟು ಕೈಗೆ ಬಂದರೆ ಸಾಕು, ಗೋಡೆ ಎಲ್ಲಿದೆಯೋ ಅಲ್ಲಿಗೇ ಬಗ್ಗಿ ಹೋಗುತ್ತಿತ್ತು.

ಅವನು ಬೇಸತ್ತು ಒಂದು ದಿನ ರಿಮೋಟು ನನ್ನ ಕೈಗೆ ಕೊಟ್ಟ. ಪಿಸ್ತೂಲಿನ ಆಕಾರದ್ದು. ತೋರುಬೆರಳಿನಲ್ಲಿ ಎಳೆದರೆ ವೇಗ, ಮುಂದಕ್ಕೆ ನೂಕಿದರೆ ಬ್ರೇಕು, ಪಕ್ಕದ ಸಣ್ಣ ಚಕ್ರ ತಿರುವಿದರೆ ತಿರುವು. ನನಗೆ ಅದು ಹೊಸದೆನಿಸಲೇ ಇಲ್ಲ. ನಮ್ಮದು ನೇಕಾರರ ಮನೆ. ಅಪ್ಪನ ಕುಣಿ ಮಗ್ಗದಲ್ಲಿ ಹಗ್ಗದ ಹಿಡಿ ಎಳೆದು ಲಾಳಿ ಓಡಿಸುವುದನ್ನು ನಾನು ಶಾಲೆಗೆ ಹೋಗುವಾಗಲೇ ಕಲಿತಿದ್ದೆ. ಜೋರಾಗಿ ಎಳೆದರೆ ಲಾಳಿ ಹಾದಿ ಬಿಟ್ಟು ಹೊರಗೆ ಜಿಗಿಯುತ್ತದೆ, ಮೆಲ್ಲಗೆ ಎಳೆದರೆ ನೂಲುಗಳ ನಡುವೆಯೇ ನಿಂತುಬಿಡುತ್ತದೆ. "ಜಗ್ಗಬ್ಯಾಡವಾ, ಮಿಡಿ," ಎನ್ನುತ್ತಿದ್ದ ಅಪ್ಪ. ಬಗ್ಗಿಗೂ ಅದೇ ಮಿಡಿತ ಬೇಕಾಗಿತ್ತು. ಅಂದಿನಿಂದ ಅಣ್ಣ ರಿಪೇರಿಗೆ, ನಾನು ಓಡಿಸುವುದಕ್ಕೆ ಎಂದು ತಾನಾಗಿಯೇ ಆಯಿತು.

ಭಾನುವಾರ ಅಸುಂಡಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗಟ್ಟಿ ಕೆಂಪು ಗರಸಿನ ಬಯಲಿಗೆ ಹೋಗುತ್ತಿದ್ದೆವು. ಅಲ್ಲಿ ಮಣ್ಣಿನ ದಿಬ್ಬಗಳನ್ನು ಮಾಡಿಕೊಂಡು ಗದುಗಿನ ಒಂದಿಷ್ಟು ಜನ ಇಂಥವೇ ಕಾರು ಓಡಿಸುತ್ತಿದ್ದರು. ಶಿರಹಟ್ಟಿ, ಮುಂಡರಗಿಯಿಂದಲೂ ಆಗಾಗ ಬರುವವರಿದ್ದರು. ಹೆಣ್ಣು ನಾನೊಬ್ಬಳೇ. ಮೊದಲ ಸಲ ಎಲ್ಲರೂ ಅಣ್ಣನನ್ನು ಕೇಳಿದರು, "ತಂಗಿನ್ನ ಯಾಕ ಬಿಸಲಾಗ ಕರ್ಕೊಂಡ ಬಂದಿ?" ಸೋತವರು ಗೆದ್ದವರಿಗೆ ಗಿರ್ಮಿಟ್ಟು, ಮಿರ್ಚಿ ತಿನ್ನಿಸಬೇಕು ಎನ್ನುವುದು ಅಲ್ಲಿಯ ರಿವಾಜು. ಅವತ್ತು ಸಂಜೆ ನಾನು ಅವರು ಕೊಡಿಸಿದ ಮಿರ್ಚಿ ತಿನ್ನುತ್ತಿದ್ದಾಗ ಮತ್ತೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಗೆಲ್ಲುವುದಕ್ಕಿಂತ ನನಗೆ ಬೇಕಾಗಿದ್ದದ್ದು ದೊಡ್ಡ ದಿಬ್ಬ. ಬಗ್ಗಿ ಅದನ್ನೇರಿ ಗಾಳಿಗೆ ಹಾರುತ್ತಿತ್ತು. ಹಾರಿದ್ದನ್ನು ಹಾಗೇ ಬಿಟ್ಟರೆ ಮೂಗಿನ ಮೇಲೆ ಬೀಳುತ್ತದೆ. ಗಾಳಿಯಲ್ಲಿದ್ದಾಗಲೇ ತುಸು ವೇಗ ಕೊಟ್ಟರೆ ಮೂತಿ ಮೇಲೇಳುತ್ತದೆ, ತುಸು ಬ್ರೇಕು ಒತ್ತಿದರೆ ಮೂತಿ ಬಾಗುತ್ತದೆ. ನೆಲ ಬಿಟ್ಟ ಗಾಡಿ, ದೂರ ನಿಂತ ನಾನು, ನಡುವೆ ಒಂದು ಬೆರಳು. ಬಗ್ಗಿ ಬಲು ಚಂಚಲ. ಒಂದು ಗಳಿಗೆ ಮನಸ್ಸು ಬೇರೆ ಕಡೆ ಹೋದರೆ ಮಗುಚಿ ಬೀಳುತ್ತಿತ್ತು. ಒಮ್ಮೆ ಹಾಗೆ ಬಿದ್ದು ಮೇಲಿನ ಹಳದಿ ಪ್ಲಾಸ್ಟಿಕ್ಕಿನ ಬಾಡಿ ಸೀಳಿತು. ಅಪ್ಪ ಅದನ್ನು ಮಗ್ಗದ ಕೆಂಪು ರೇಷ್ಮೆ ನೂಲಿನಿಂದ ಸೀರೆಯ ಸೆರಗು ಕೂಡಿಸಿದಷ್ಟು ಶ್ರದ್ಧೆಯಿಂದ ಹೊಲಿದು, ಮೇಲೆ ಅಂಟು ಬಳಿದು ಕೊಟ್ಟ.

ಆಮೇಲೆ ಮದುವೆ. ಹೊರಡುವ ದಿನ ಅಣ್ಣ ಕಪಾಟಿನ ಕಡೆ ಕಣ್ಣು ಮಾಡಿ, "ಒಯ್ತೀಯೇನು?" ಎಂದ. ಹಸಿರು ಬಳೆ ತೊಟ್ಟ ಕೈಯಲ್ಲಿ ಬಗ್ಗಿ ಹಿಡಿದು ಗಂಡನ ಮನೆಯ ಹೊಸ್ತಿಲು ದಾಟುವುದನ್ನು ನೆನೆದು ನನಗೇ ನಾಚಿಕೆಯಾಯಿತು. "ನಿನ್ನ ಹತ್ರನ ಇರಲಿ," ಎಂದೆ. ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ರೊಟ್ಟಿ ಬಡಿಯುವಾಗ ಅಲ್ಲ, ಬಡಿದು ಮುಗಿಸಿ ಸುಮ್ಮನೆ ಕುಳಿತಾಗ ತೋರುಬೆರಳು ತಾನಾಗಿಯೇ ಮಿಡಿಯುತ್ತಿತ್ತು.

ಒಂದು ದಿನ ಫೋನಿನಲ್ಲಿ ಅಣ್ಣ ಕೇಳಿದ, "ಅಲ್ಲೆ ನೆಲ ಹೆಂಗೈತಿ?"

"ಎಲ್ಲಾ ಎರಿ, ಕರೀ ಮಣ್ಣು. ಬ್ಯಾಸಗ್ಯಾಗ ಕೈ ಹೊಗೂವಂಥಾ ಬಿರಕ ಬಿಡತಾವು. ಬಗ್ಗಿ ಗಾಲಿ ಅದರಾಗ ಸಿಕ್ಕರ ಮುಗೀತು," ಎಂದೆ.

ನಾನು ಹೇಳಿದ್ದು ದುಃಖ. ಇಲ್ಲಿ ಓಡಿಸಲಿಕ್ಕಾಗದು, ಅಲ್ಲಿಗೆ ಬರಬೇಕು, ಆ ಗರಸಿನ ಬಯಲು ಬೇಕು ಎಂಬ ಅರ್ಥದಲ್ಲಿ ಹೇಳಿದ್ದು. ಆದರೆ ಮೆಕ್ಯಾನಿಕ್ಕನ ಮುಂದೆ ದುಃಖ ಹೇಳಬಾರದು. ಅವನು ಪಾನಾ ಹಿಡಿದುಕೊಂಡೇ ಕೇಳಿಸಿಕೊಳ್ಳುತ್ತಾನೆ.

ಶ್ರಾವಣ ಬಂತು. ಮದುವೆಯಾದ ಮೇಲಿನ ಮೊದಲ ಪಂಚಮಿ. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯಬೇಕು. ಬಂದ. ಬೈಕಿನ ಮೇಲೆ ದಾರಿಯುದ್ದಕ್ಕೂ ಏನೋ ಕದ್ದು ತಿಂದವನ ಹಾಗೆ ತನ್ನಷ್ಟಕ್ಕೇ ನಗುತ್ತಿದ್ದ. ನಾನು ಮುಗಿಲು ನೋಡುತ್ತಿದ್ದೆ. ಮೋಡ ಕವಿದಿದ್ದರೂ ಮಳೆ ಇನ್ನೂ ಬಿದ್ದಿರಲಿಲ್ಲ. ಸಂಜೆಗೆ ಬೆಟಗೇರಿ ಮುಟ್ಟಿದರೆ, ಚಹಾ ಕುಡಿದು, ಒಂದೇ ಒಂದು ಸಲ ಆ ಬಯಲಿಗೆ ಹೋಗಿ ಬರಬಹುದು ಎಂದು ಲೆಕ್ಕ ಹಾಕಿದ್ದೆ. ಅವತ್ತು ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬ, ಮನೆ ಮನೆಗೆ ಗರಿಗರಿ ಕಟಿರೊಟ್ಟಿ ಹಂಚುವ ದಿನ. ಅದನ್ನೂ ಅವ್ವನಿಗೇ ಬಿಟ್ಟು ಓಡುವವಳಿದ್ದೆ.

ಮನೆಗೆ ಹೋಗಿ ಚಪ್ಪಲಿ ಬಿಟ್ಟವಳೇ ಕಪಾಟು ನೋಡಿದೆ. ಖಾಲಿ. ಪಡಸಾಲೆಯಲ್ಲಿ ಅಣ್ಣ ಹಳೆಯ ಪೇಪರ್ ಹಾಸಿ ಅದರ ಮೇಲೆ ಬಗ್ಗಿಯನ್ನು ಮಲಗಿಸಿದ್ದ. ನಾಲ್ಕೂ ತೋಳು ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟಿದ್ದ. ಗಾಲಿ ಇಲ್ಲ. ನಡುವಿನ ಹೊಟ್ಟೆ ಮಾತ್ರ ಉಳಿದಿತ್ತು. ಅದರ ಸುತ್ತ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದ್ದ ಉದ್ದನೆಯ ಹೊಸ ತೋಳುಗಳು, ಹೊಸ ಶಾಫ್ಟುಗಳು, ನನ್ನ ಅಂಗೈ ಅಗಲಿಸಿದರೂ ಮುಚ್ಚದಷ್ಟು ದೊಡ್ಡ ಗಾಲಿಗಳು.

"ಟ್ರಗ್ಗಿ ಮಾಡಾಕತ್ತೇನಿ," ಎಂದ ಅಣ್ಣ. "ಬಗ್ಗಿ ಹೊಟ್ಟಿ, ಟ್ರಕ್ಕಿನ ಕಾಲು. ನಿಮ್ಮ ಎರಿ ಹೊಲದಾಗ ಎಂಥಾ ಬಿರಕ ಇದ್ದರೂ ದಾಟತೈತಿ. ನಿನಗಂತನ ತರ್ಸೇನಿ ನೋಡು."

ಅವನ ಮುಖ ನೋಡಿದೆ. ಕಣ್ಣು ಹೊಳೆಯುತ್ತಿದ್ದವು. ನನಗೆ ಆ ಬಿಚ್ಚಿಟ್ಟ ತೋಳುಗಳನ್ನು ನೋಡಿ ಅಳು ಬಂತು. ಬಂದದ್ದು ಅಳು, ಬಾಯಿಗೆ ಬಂದದ್ದು ಮಾತ್ರ, "ಭಾರಿ ಮಾಡೀದಿ ಬಿಡಣ್ಣ." ತವರಿಗೆ ಬಂದ ಮಗಳ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ, ಅಷ್ಟರಮಟ್ಟಿಗೆ ನಾನು ಬಚಾವು. ಅವ್ವ ಬಂದು ತಾನೂ ಅತ್ತಳು.

ಮರುದಿನದಿಂದಲೇ ಮಳೆ ಹಿಡಿಯಿತು. ಪಂಚಮಿಯ ದಿನ ಹಾಲೆರೆದು ಬಂದ ಮೇಲೆ ಇಬ್ಬರೂ ಶೇಂಗಾ ಉಂಡಿ ತಿನ್ನುತ್ತ ಉಳಿದ ಕೆಲಸಕ್ಕೆ ಕುಳಿತೆವು. ಮುಂದಿನ ತೋಳು, ಹಿಂದಿನ ತೋಳು, ಅವಕ್ಕೆ ಸರಿಯಾದ ಉದ್ದನೆಯ ಶಾಫ್ಟು, ಎತ್ತರದ ಶಾಕಪ್ಪು. ಗಾಲಿ ದೊಡ್ಡದಾದ್ದರಿಂದ ಮೋಟರಿನ ಮೇಲೆ ಭಾರ ಬೀಳುತ್ತದೆಂದು ಅದರ ಮೂತಿಯ ಹಲ್ಲುಗಾಲಿಯನ್ನು ತೆಗೆದು ಅದಕ್ಕಿಂತ ಸಣ್ಣದನ್ನು ಹಾಕಿದ. ನಾನು ಸ್ಕ್ರೂ ಕೊಡುತ್ತಿದ್ದೆ. ಕೊಡುವಾಗೆಲ್ಲ, ಬಿಗಿ ಮಾಡಬೇಡ, ಸಡಿಲ ಇರಲಿ ಎಂದು ಹೇಳಬೇಕೆನಿಸುತ್ತಿತ್ತು. ಹೇಳಲಿಲ್ಲ. ನಾಲ್ಕೂ ಗಾಲಿ ಏರಿದಾಗ ಅದು ಕಾಲಗಲಿಸಿ ನಿಂತಿತು. ಬಗ್ಗಿ ನಿಂತಲ್ಲೇ ಓಡುವ ಹಾಗೆ ಕಾಣುತ್ತಿತ್ತು. ಇದು ಊಟ ಮಾಡಿ ಅಂಗಳಕ್ಕೆ ಬಂದ ಗೌಡರ ಹಾಗೆ ಕಂಡಿತು.

ಒಂದೇ ತೊಡಕು ಉಳಿಯಿತು. ಹಳೆಯ ಬಾಡಿಯನ್ನು ಹೇಗೋ ಕೂರಿಸಿದರೂ ಮುಂದಿನ ಗಾಲಿ ತಿರುಗಿಸಿದಾಗ ಅದರ ಅಂಚಿಗೆ ತಾಗುತ್ತಿತ್ತು. ಅಣ್ಣ ಕತ್ತರಿ ತೆಗೆದುಕೊಂಡ. ಅಡುಗೆಮನೆಯಿಂದ ಅವ್ವ ಹಾರಿ ಬಂದಳು.

"ಇಡು ಕೆಳಗ! ಪಂಚಮಿ ದಿನ ಕತ್ತರಿ ಹಿಡೀತಿಯೇನು? ಹೆಚ್ಚೂದಿಲ್ಲ, ಕೊಯ್ಯೂದಿಲ್ಲ, ನೆಲಾ ಕೆದರೂದಿಲ್ಲ. ಗೊತ್ತಿಲ್ಲೇನು?"

"ಅವ್ವಾ, ಇದು ಪ್ಲಾಸ್ಟಿಕ್ಕ. ಹಾವಲ್ಲ."

"ಅದು ನಿನಗ ಗೊತ್ತು. ಕತ್ತರಿಗೆ ಗೊತ್ತೇನು?"

ಅಣ್ಣ ಕತ್ತರಿ ಕೆಳಗಿಟ್ಟ. ನಾನು ಬಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಹೊಲಿದ ಕೆಂಪು ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದೆ. "ಬಿಡಣ್ಣ, ಅಲ್ಲೆ ಹೋಗಿ ನಾನ ಕತ್ತರಿಸ್ಕೊಂತೀನಿ," ಎಂದೆ. ಆ ಹಳದಿ ಚಿಪ್ಪು ಬಿಟ್ಟರೆ ನನ್ನ ಬಗ್ಗಿಯದು ಎಂದು ಗುರುತು ಹಿಡಿಯುವಂಥದ್ದು ಇನ್ನೇನೂ ಉಳಿದಿರಲಿಲ್ಲ.

ಹೊರಡುವ ದಿನ ಅವ್ವ ಉಡಿ ತುಂಬಿದಳು, ಉಂಡಿಯ ಡಬ್ಬಿ ಕಟ್ಟಿಕೊಟ್ಟಳು. ಅಣ್ಣ ಟ್ರಗ್ಗಿಯನ್ನು ಚೀಲದಲ್ಲಿಟ್ಟು ಬಸ್ಸು ಹತ್ತಿಸಿದ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡಕ್ಟರು ನನ್ನನ್ನೂ ಚೀಲವನ್ನೂ ನೋಡಿ, "ನಿಮಗ ಫ್ರೀ ಐತ್ರಿ ಅಕ್ಕಾರ, ಅದಕ್ಕ ಟಿಕೇಟ ತಗೋರಿ," ಎಂದು ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಚೀಲದ ಬಾಯಿಂದ ಹಳದಿ ಮೂತಿ ಕಾಣುತ್ತಿತ್ತು, ಕೈ ಅದರ ಮೇಲೇ ಇತ್ತು.

ಮನೆಯಲ್ಲಿ ಅದನ್ನು ಹೊರಗೆ ತೆಗೆದಾಗ ಅತ್ತೆ ಬೈಯುತ್ತಾರೆಂದುಕೊಂಡಿದ್ದೆ. ಅವರು ಸುತ್ತು ಹಾಕಿ ನೋಡಿ, "ಉಳುಮಿ ಮಾಡತೈತೇನು?" ಎಂದು ಮಾತ್ರ ಕೇಳಿದರು. ಮಳೆ ತುಸು ಬಿಟ್ಟ ಒಂದು ಮುಂಜಾನೆ ತಡೆಯಲಾರದೆ ಹೊಲದ ಬದುವಿನ ಬಳಿ ಓಡಿಸಿದೆ. ಎರೆ ಮಣ್ಣಿಗೆ ನೆಂಟರ ಬುದ್ಧಿ, ಹಿಡಿದರೆ ಬಿಡುವುದಿಲ್ಲ. ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿಗಳಿಗೆ ಮಣ್ಣು ಮೆತ್ತಿ ಮೆತ್ತಿ ನಾಲ್ಕು ದೊಡ್ಡ ಹೆಂಟೆಗಳಾದವು. ಮೋಟರು ಗುಂಯ್ ಎಂದು ನಿಂತಿತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ನಿಮ್ಮಣ್ಣ ಗಾಲಿ ದೊಡ್ಡು ಮಾಡ್ಯಾನ. ನಮ್ಮ ಎರಿ ಇನ್ನಷ್ಟ ದೊಡ್ಡು ಮಾಡಿ ಕೊಟ್ಟೈತಿ ನೋಡವಾ!"

ಮಣ್ಣು ಕೆರೆದು, ಒರೆಸಿ, ಅದನ್ನು ಅಟ್ಟದ ಮೇಲಿಟ್ಟೆ. ಹಿಂಗಾರಿ ಬಿತ್ತನೆ ಆಯಿತು, ಚಳಿ ಬಂತು, ಹೋಯಿತು. ಕಡಲೆ ಕೊಯ್ದು ಹೊಲ ಬರಿದಾಗಿ, ಎರೆ ಒಣಗಿ ಬಿರುಕು ಬಾಯಿ ತೆರೆದ ಮೇಲೆ ಮತ್ತೆ ಕೆಳಗಿಳಿಸಿದೆ.

ಈ ಸಲ ಓಡಿತು. ಅಣ್ಣ ಹೇಳಿದ್ದು ಖರೆ. ಬಿರುಕುಗಳನ್ನು ಅದು ಗಣನೆಗೇ ತೆಗೆದುಕೊಳ್ಳಲಿಲ್ಲ. ಹೆಂಟೆ ಹತ್ತಿತು, ಇಳಿಯಿತು, ಕಡಲೆಯ ಬೊಡ್ಡೆಗಳ ಮೇಲೆ ತೂಗುತ್ತ ಹೋಯಿತು. ಮಗುಚುವ ಮಾತೇ ಇಲ್ಲ. ಬದುವಿನ ಮೇಲಿಂದ ಹಾರಿಸಿದೆ, ನಾನು ಬೆರಳು ಆಡಿಸುವ ಮೊದಲೇ ನಾಲ್ಕೂ ಗಾಲಿ ಊರಿ ನಿಂತಿತ್ತು. ನನ್ನ ಗಂಡ ಚಪ್ಪಾಳೆ ತಟ್ಟಿದರು. ಅತ್ತೆ ಕೈ ಚಾಚಿದರು. "ತಾ ಇಲ್ಲೆ, ಒಂದು ಕೈ ನಾನೂ ನೋಡತೀನಿ."

ಅವರೂ ಓಡಿಸಿದರು. ಚೆನ್ನಾಗಿಯೇ ಓಡಿಸಿದರು! ರಿಮೋಟು ಹಿಡಿದ ಮೊದಲ ದಿನವೇ ಹೊಲದ ಆ ತುದಿಗೆ ಕಳಿಸಿ ಈ ತುದಿಗೆ ತಂದರು. ಬಗ್ಗಿಯಾಗಿದ್ದರೆ ಬದು ದಾಟುವುದರೊಳಗೆ ಹೊಟ್ಟೆ ಮೇಲಾಗಿ ಬೀಳುತ್ತಿತ್ತು. ಎಲ್ಲರೂ ನಗುತ್ತಿದ್ದ ಆ ಹೊತ್ತಿನಲ್ಲಿ ನಾನು ನನ್ನ ಖಾಲಿ ಕೈ ನೋಡಿಕೊಂಡೆ. ಟ್ರಗ್ಗಿ ಒಳ್ಳೆಯದು, ಗಟ್ಟಿ, ಯಾರು ಹಿಡಿದರೂ ನಡೆಯುತ್ತದೆ. ಬಗ್ಗಿಗೆ ನಾನು ಬೇಕಾಗಿತ್ತು. ನನ್ನ ಬೆರಳಿಲ್ಲದೆ ಅದು ಹಾರಲಾರದು, ಹಾರಿದರೂ ಇಳಿಯಲಾರದು. ಹಾಗೆ ಬೇಕಾಗುವುದು ನನಗೆ ಬೇಕಾಗಿತ್ತು.

ತಿರುಗುವಾಗೆಲ್ಲ ಗಾಲಿ ಬಾಡಿಗೆ ತಾಗಿ ಗರ್ ಗರ್ ಎನ್ನುತ್ತಿತ್ತು. ನನ್ನ ಗಂಡ ಕತ್ತರಿ ತಂದರು. "ಇರಲಿ ಬಿಡ್ರಿ," ಎಂದೆ. ಮತ್ತೊಮ್ಮೆ ತಂದರು. ಕತ್ತರಿಯನ್ನೇ ಎತ್ತಿಟ್ಟೆ. ಇವಳಿಗೆ ಆ ಸಪ್ಪಳ ಪ್ರೀತಿ ಎಂದು ಅವರು ಸುಮ್ಮನಾದರು. ಅದಾದ ಮೇಲೆ ಬಿಸಿಲು ಇಳಿದ ಹೊತ್ತಿಗೆ ಟ್ರಗ್ಗಿ ಹೊಲಕ್ಕೆ ಹೋಗುವುದು ಮನೆಯ ಪದ್ಧತಿಯೇ ಆಯಿತು. ಓಡಿಸುವವರು ಹೆಚ್ಚಾಗಿ ಅತ್ತೆ.

ಹಾಗೆ ಒಂದು ಸಂಜೆ ಅತ್ತೆ ಬದುವಿನ ಮೇಲೆ ನಿಂತು ಓಡಿಸುತ್ತಿದ್ದಾಗ ಅಣ್ಣನ ಫೋನು ಬಂತು. ಹೊಗಳಿದೆ. ಬಿರುಕು ದಾಟಿದ್ದು, ಮಗುಚದಿದ್ದದ್ದು, ಅತ್ತೆ ಅದನ್ನು ಬಿಡದಿರುವುದು, ಎಲ್ಲ ಹೇಳಿದೆ. ಅಷ್ಟರಲ್ಲಿ ಟ್ರಗ್ಗಿ ನನ್ನ ಕಾಲ ಬಳಿಯೇ ತಿರುಗಿ ಹೋಯಿತು.

"ಅದೇನದು ಗರ್ ಅಂತು?" ಎಂದ ಅಣ್ಣ. "ಬಾಡಿ ಇನ್ನೂ ಕತ್ತರಿಸಿಲ್ಲೇನು?"

"ಇಲ್ಲ."

"ಪಂಚಮಿ ಮುಗದು ಎಷ್ಟ ದಿನಾತಲೇ ಹುಚ್ಚಿ. ಗಾಲಿ ಸವದ ಹೋಗತೈತಿ. ಯಾಕ ಕತ್ತರಿಸಿಲ್ಲ?"

ಗಾಡಿಯ ಸಪ್ಪಳ ಕೇಳಿಯೇ ರೋಗ ಹೇಳುವವನು ಅವನು. ಅವನಿಂದ ಮುಚ್ಚಿಡುವುದೇನು, ಹೇಳಿಬಿಟ್ಟೆ.

"ಕತ್ತರಿಸಿದ್ರ ಮತ್ತ ಅದು ಬಗ್ಗಿ ಮ್ಯಾಲ ಸರಿಯಾಗಿ ಕುಂಡ್ರಂಗಿಲ್ಲಣ್ಣ. ನನಗ ಅದು ಬೇಕು. ನಮ್ಮ ಬಗ್ಗಿ. ಒಮ್ಮೆರ ಹಾರಿಸಬೇಕು."

ಅವನು ಪಾನಾ ಕೆಳಗಿಟ್ಟ ಸಪ್ಪಳ ಕೇಳಿತು. ಬೈಯುತ್ತಾನೆಂದುಕೊಂಡೆ. ಅಷ್ಟೆಲ್ಲ ತರಿಸಿ, ಕೂತು ಮಾಡಿದ್ದ.

"ನೀ ಹೋದ ಮ್ಯಾಲ ನಾ ಅದನ್ನ ಒಮ್ಮಿನೂ ಬಯಲಿಗೆ ಒಯ್ದಿಲ್ಲ," ಎಂದ. ದನಿ ಬೇರೆಯಾಗಿತ್ತು. "ಒಯ್ದು ಏನ ಮಾಡ್ಲಿ? ನನಗ ಓಡಸಾಕ ಬರೂದಿಲ್ಲ. ನೀ ಓಡಸೂದ ನೋಡಕೋಂತ ನಿಂದ್ರೂದಷ್ಟ ನನ್ನ ಕೆಲಸ. ದಿನಾ ಬೆಳಗಾದ್ರ ಕಪಾಟಿನ ಮ್ಯಾಲ ಹಂಗ ಕುಂತಿರತಿತ್ತು. ನೋಡಾಕ ಆಗಲಿಲ್ಲ ತಂಗೆವ್ವ. ನೀ ಎರಿ ಹೊಲಾ ಅಂದದ್ದ ಒಂದು ನೆವ ಆತು. ಬಿಚ್ಚಿ ಹಾಕಿದೆ."

ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಪಡಸಾಲೆಯ ಪೇಪರಿನ ಮೇಲೆ ಅವನು ಒಂದೊಂದೇ ಸ್ಕ್ರೂ ಬಿಚ್ಚುತ್ತಿದ್ದದ್ದು, ಆಮೇಲೆ ಹೊಳೆಯುವ ಕಣ್ಣಿನಿಂದ ನನ್ನ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿತು. ಆ ಹೊಳಪನ್ನು ನಾನು ಖುಷಿ ಎಂದುಕೊಂಡಿದ್ದೆ.

"ಹಳೇ ತೋಳು?" ಎಂದು ಕೇಳಿದೆ. ಕೇಳಲು ಹೆದರಿಕೆಯಾಯಿತು.

"ಅಪ್ಪನ ಲಾಳಿ ಪೆಟ್ಟಿಗ್ಯಾಗ ಅದಾವು. ಎಣ್ಣಿ ಹಚ್ಚಿಟ್ಟೇನಿ." ಮೂಗು ಒರೆಸಿಕೊಂಡದ್ದು ಕೇಳಿಸಿತು. ಮತ್ತೆ ಮೆಕ್ಯಾನಿಕ್ಕನ ದನಿ ಬಂತು. "ಈ ಸಲ ಹಬ್ಬಕ್ಕ ಎರಡ ದಿನ ಮೊದಲ ಕರಿಯಾಕ ಬರತೀನಿ. ಗಾಡಿ ಸಂಗ್ತಿ ತಗೊಂಡ ಬಾ, ಹಳೇ ತೋಳು ಮತ್ತ ಹಚ್ಚೂಣು. ಪಂಚಮಿ ದಿನ ನೆಲಾ ಕೆದರಾಕ ಅವ್ವ ಬಿಡಂಗಿಲ್ಲ. ಬಾಡಿ ಮಾತ್ರ ಕತ್ತರಿಸಬ್ಯಾಡ."

ಫೋನು ಇಟ್ಟೆ. ಅತ್ತೆ ರಿಮೋಟು ಹಿಡಿದುಕೊಂಡು ಬಂದರು. "ಏನಂದ ನಿಮ್ಮಣ್ಣ? ಯಾಕ ಅಳಾಕತ್ತೀ?"

"ಹಬ್ಬಕ್ಕ ಜಲ್ದಿ ಕರಿಯಾಕ ಬರತೀನಿ ಅಂದನ್ರಿ."

"ಪಂಚಮಿ ಎಲ್ಲೈತವಾ ಇನ್ನ! ಬಿಸಲ ಹೆಂಗೈತಿ ನೋಡು. ಇನ್ನೂ ಬ್ಯಾಸಗಿ ಅಡ್ಡಮಳಿ ಸೈತ ಬಿದ್ದಿಲ್ಲ."

ಹೌದು, ಬಿದ್ದಿಲ್ಲ. ನೇಕಾರರ ಮನೆಯ ಹುಡುಗಿ ನಾನು, ಮಳೆಯ ಉಸಾಬರಿ ನಮಗೆಂದೂ ಇರಲಿಲ್ಲ. ಈಗ ಈ ಮನೆಯಲ್ಲಿ ಹೊಲ ಉಳುವವರಿಗಿಂತ ಹೆಚ್ಚಾಗಿ ನಾನೇ ಮುಗಿಲು ನೋಡುತ್ತೇನೆ. ಮಳೆ ಬೇಗ ಬರಲಿ, ಚೆನ್ನಾಗಿ ಬರಲಿ, ಹಬ್ಬಕ್ಕೆ ಮೊದಲಿನ ಎರಡು ದಿನ ಮಾತ್ರ ಅಸುಂಡಿಯ ದಾರಿಯಲ್ಲಿ ಬೀಳದಿರಲಿ.